ಪಕ್ಕದ ಗಣಿಯವರಿಂದ ಬಾಂಡ್ ಕಾಗದ ಬಂದರೆ

ಹೋದ ತಿಂಗಳು ಚಿತ್ರದುರ್ಗದ ನಮ್ಮ ಓಣಿಯ ಅಕ್ಕ ಒಬ್ಬರು ಫೋನು ಹಿಡಿದುಕೊಂಡೇ ಮನೆಗೆ ಬಂದರು. ಪೆನ್ಸಿಲ್ವೇನಿಯಾದಲ್ಲಿ ಪಿಟ್ಸ್‌ಬರ್ಗಿನಾಚೆ ಮನೆ ಕೊಂಡಿರುವ ಮಗ, ಅಂಚೆಯಲ್ಲಿ ಬಂದ ಕಾಗದವೊಂದರ ಫೋಟೊ ಕಳಿಸಿದ್ದ. "ಕೋರ್ಟ್ ನೋಟಿಸೇನೋ ನೋಡಪ್ಪ, ರಾತ್ರಿಯೆಲ್ಲ ನಿದ್ದೆ ಹತ್ತಿಲ್ಲ" ಅಂದರು. ಕೋರ್ಟಿನದಲ್ಲ. ಪಕ್ಕದ ಹಳೇ ಕಲ್ಲಿದ್ದಲು ಗಣಿಯ ಕಂಪನಿ, ನೆಲ ಸರಿಮಾಡುತ್ತೇನೆಂಬ ಖಾತರಿಗೆ ತಾನು ಸರ್ಕಾರಕ್ಕೆ ಕೊಟ್ಟಿದ್ದ ಬಾಂಡ್ ವಾಪಸ್ ಕೇಳುತ್ತಿದ್ದೇನೆಂದು ನೆರೆಯವರಿಗೆ ತಿಳಿಸಿದ್ದು. ಆ ಸೀಮೆಯಲ್ಲಿ ಕೆಲ ವರ್ಷ ಗಣಿ ಮುಚ್ಚುವ ಕೆಲಸದಲ್ಲೇ ಇದ್ದು ಬಂದವನು ನಾನು. ಆ ಹುಡುಗನಿಗೆ ಫೋನಿನಲ್ಲಿ ಹೇಳಿದ್ದನ್ನು ಅಲ್ಲಿರುವ ಉಳಿದ ಕನ್ನಡಿಗರಿಗಾಗಿ ಬರೆದಿಡುತ್ತಿದ್ದೇನೆ.

ಮೊದಲ ಮಾತು: ಅದನ್ನು ಜಾಹೀರಾತೆಂದು ಕಸಕ್ಕೆ ಹಾಕಬೇಡಿ.

ನಮ್ಮಲ್ಲಿ ರಸ್ತೆ ಗುತ್ತಿಗೆದಾರನ ಡೆಪಾಸಿಟ್ ಹಿಡಿದಿಟ್ಟುಕೊಳ್ಳುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ. 1977ರ ಆಗಸ್ಟ್ 3ರಂದು ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ, ಕಲ್ಲಿದ್ದಲು ಅಗೆಯುವ ಮೊದಲೇ ಕಂಪನಿ ಬಾಂಡ್ ಕೊಡಬೇಕು. ಕಂಪನಿ ಕೈಯೆತ್ತಿದರೆ ಸರ್ಕಾರ ಬೇರೆಯವರಿಂದ ನೆಲ ಸರಿಮಾಡಿಸಲು ಎಷ್ಟು ಬೇಕೋ ಅಷ್ಟು ಮೊತ್ತ. ಅದಕ್ಕೂ ಮುಂಚೆ ಎಷ್ಟೋ ಕಡೆ ಅಗೆದು ಬಿಟ್ಟು ಹೋಗುವುದೇ ರೂಢಿಯಾಗಿತ್ತು. 1972ರಲ್ಲಿ ವೆಸ್ಟ್ ವರ್ಜೀನಿಯಾದ ಬಫಲೋ ಕ್ರೀಕ್‌ನಲ್ಲಿ ಗಣಿಕಸದ ಕಟ್ಟೆ ಒಡೆದು 125 ಜನ ಸತ್ತಿದ್ದರು.

ಬಾಂಡ್ ಒಂದೇ ಸಲಕ್ಕೆ ಬಿಡುವುದಿಲ್ಲ. ಗುಂಡಿ ತುಂಬಿ, ಇಳಿಜಾರನ್ನು ಹೆಚ್ಚುಕಡಿಮೆ ಮೊದಲಿನ ಆಕಾರಕ್ಕೆ ತಂದು, ನೀರು ಹೋಗಲು ದಾರಿ ಮಾಡಿದರೆ ಗರಿಷ್ಠ ಶೇಕಡಾ 60 ಬಿಡಬಹುದು. ಹಸಿರು ಹತ್ತಿ, ಹೂಳು ಹೊರಗಿನ ಹಳ್ಳಕ್ಕೆ ಇಳಿಯುವುದು ನಿಂತ ಮೇಲೆ ಇನ್ನೊಂದು ಪಾಲು. ಕೊನೆಯದಕ್ಕೆ ಕಾಯಬೇಕು. ವರ್ಷಕ್ಕೆ 26 ಇಂಚಿಗಿಂತ, ಅಂದರೆ ಸುಮಾರು 660 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಕಡೆ ಕನಿಷ್ಠ 5 ವರ್ಷ, ಅಷ್ಟು ಬೀಳದ ಕಡೆ 10 ವರ್ಷ. ನಮ್ಮ ಚಳ್ಳಕೆರೆ ಅಲ್ಲಿದ್ದಿದ್ದರೆ ಹತ್ತರ ಪಟ್ಟಿಗೇ ಸೇರುತ್ತಿತ್ತು. ಈ ಲೆಕ್ಕ ಶುರುವಾಗುವುದು ಗಣಿ ನಿಂತ ದಿನದಿಂದಲ್ಲ. ಕೊನೆಯ ಸಲ ಬೀಜ, ಗೊಬ್ಬರ, ನೀರು ಕೊಟ್ಟ ವರ್ಷದಿಂದ. ನಡುವೆ ಹುಲ್ಲು ಒಣಗಿತೆಂದು ಮತ್ತೆ ಬಿತ್ತಿದರೆ ಎಣಿಕೆ ಸಾಮಾನ್ಯವಾಗಿ ಮೊದಲಿಂದ.

ಆದ್ದರಿಂದ ಕಾಗದದಲ್ಲಿ ಯಾವ ಹಂತ ಅನ್ನುವುದನ್ನು ನೋಡಿ. ಮೂರನೆಯದಾದರೆ ಎಚ್ಚರ. ಅದೂ ಬಿಟ್ಟರೆ ಕಂಪನಿಯನ್ನು ಹಿಡಿದು ನಿಲ್ಲಿಸುವ ದುಡ್ಡು ಅಲ್ಲಿ ಉಳಿಯುವುದಿಲ್ಲ. ಸ್ಥಳೀಯ ಪತ್ರಿಕೆಯಲ್ಲೂ ವಾರಕ್ಕೊಮ್ಮೆಯಂತೆ ನಾಲ್ಕು ವಾರ ಪ್ರಕಟಣೆ ಬರಬೇಕು. ಪರ್ಮಿಟ್ ನಂಬರು, ಎಷ್ಟು ಎಕರೆ, ಎಷ್ಟು ಡಾಲರ್, ಏನೇನು ಕೆಲಸ ಆಗಿದೆ ಎಲ್ಲ ಅದರಲ್ಲಿರುತ್ತದೆ. ಕೊನೆಯ ಪ್ರಕಟಣೆಯಾದ 30 ದಿನದೊಳಗೆ ಲಿಖಿತ ಆಕ್ಷೇಪಣೆ ಕೊಡಬಹುದು, ವಿಚಾರಣೆ ನಡೆಸಿ ಎಂದು ಕೇಳಬಹುದು. ವಕೀಲ ಬೇಕೇ ಬೇಕೆಂದಿಲ್ಲ. ಗಣಿ ನಡೆದ ನೆಲವೇ ನಿಮ್ಮದಾಗಿದ್ದರೆ ಅಧಿಕಾರಿ ತಪಾಸಣೆಗೆ ಬರುವಾಗ ನಿಮಗೆ ತಿಳಿಸಬೇಕು, ಜೊತೆಗೆ ಓಡಾಡುವ ಹಕ್ಕೂ ಇದೆ. ಹೋಗಿ. ಮನೆಯ ಕಿಟಕಿಯಿಂದ ಹಸಿರು ಕಂಡರೆ ಎಲ್ಲ ಸರಿಯಿದೆ ಅನ್ನಿಸುತ್ತದೆ, ಮಳೆ ಬಿದ್ದ ಮಾರನೇ ದಿನ ನಡೆದರೆ ಕೊರಕಲು ಕಾಣುತ್ತದೆ. ಹಳ್ಳದ ಕಲ್ಲು ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಫೋಟೊ ತೆಗೆದು ತಾರೀಖು ಬರೆದಿಡಿ. ಕಲ್ಲಿನೊಳಗಿನ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜಕ್ಕೆ ಗಾಳಿ-ನೀರು ತಾಗಿದರೆ ಬರುವ ಆಮ್ಲದ ನೀರು ಅದು. ವರ್ಷ ಕಳೆದರೂ ಸುಲಭಕ್ಕೆ ನಿಲ್ಲುವಂಥದ್ದಲ್ಲ.

"ಇದರಾಗೆ ನನ್ ಮಗನಿಗೆ ಎಷ್ಟು ಬರತ್ತೆ?" ಎಂದು ಅಕ್ಕ ಕೇಳಿದರು. ಒಂದು ಸೆಂಟೂ ಇಲ್ಲ ಅಂದಾಗ ಅವರ ಮುಖ ಸಪ್ಪಗಾಯಿತು. ಬಾಂಡ್ ಪರಿಹಾರದ ದುಡ್ಡಲ್ಲ.

1977ಕ್ಕೂ ಹಿಂದೆ ಬಿಟ್ಟುಹೋದ ಗಣಿಯಾದರೆ ಈ ದಾರಿ ಇಲ್ಲ. ಅದಕ್ಕೆ ಈಗ ನಡೆಯುತ್ತಿರುವ ಗಣಿಗಳಿಂದ ಟನ್ನಿಗಿಷ್ಟು ಎಂದು ಎತ್ತುವ ಬೇರೆ ನಿಧಿಯಿದೆ. ಮನೆಯಡಿ ಹಳೇ ಸುರಂಗವಿದ್ದು ನೆಲ ಕುಸಿದರೆ ಸಾಮಾನ್ಯ ಮನೆ ವಿಮೆ ಕೊಡುವುದಿಲ್ಲ. ಪೆನ್ಸಿಲ್ವೇನಿಯಾ ಸರ್ಕಾರವೇ ಅದಕ್ಕೆಂದು ವಿಮೆ ನಡೆಸುತ್ತದೆ, ಮಾಡಿಸಿಕೊಳ್ಳಿ.

ಭೀಮಸಮುದ್ರದ ಕಡೆ ಅಡಿಕೆ ತೋಟಗಳ ಮೇಲೆ ಅದಿರಿನ ಧೂಳು ಕೂತ ಕಾಲ ನಮಗೆ ನೆನಪಿದೆ. 2011ರಲ್ಲಿ ಸುಪ್ರೀಂ ಕೋರ್ಟು ಚಿತ್ರದುರ್ಗದ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಒಂದೊಂದು ಗಣಿಗೂ ಪುನಶ್ಚೇತನ ಯೋಜನೆ ಬೇಕೆಂದಿತು. ಆದರೆ ಪಕ್ಕದ ತೋಟದವನ ಮನೆಗೆ ಇಂಥದ್ದೊಂದು ಕಾಗದ ಬಂದದ್ದನ್ನು ನಾನು ಕಂಡಿಲ್ಲ. ಅದಕ್ಕೇ ಆ ಹುಡುಗ "ಯಾಕೆ ಸುಮ್ನೆ ತಲೆನೋವು ಅಣ್ಣ, ನಾವು ಹೊರಗಿನವರು" ಅಂದಾಗ ಸ್ವಲ್ಪ ಗದರಿದೆ. ಪಕ್ಕದ ಜಮೀನಿನವನು ಯಾವ ದೇಶದವನು ಅಂತ ಆ ಕಾನೂನು ಕೇಳುವುದಿಲ್ಲ.

ಶನಿವಾರ ಬೂಟು ಹಾಕಿಕೊಂಡು ಹಳ್ಳಕ್ಕಿಳಿದನಂತೆ. ಎರಡನೇ ತಿರುವಿನಲ್ಲಿ ಕಲ್ಲುಗಳು ಕಿತ್ತಳೆ. ಆಕ್ಷೇಪಣೆಗೆ ಇನ್ನೂ ಹನ್ನೊಂದು ದಿನ ಇತ್ತು. ಸೋಮವಾರವೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ.