ರೈಲ್ ತಾನಾಗಿ ಕೂರಬೇಕು: ರೈಫಲ್‌ಗೆ ಸ್ಕೋಪ್ ರೈಲ್ ಹಾಕಿದ ಅನುಭವ

ಗುಂಡು ಒಂದೇ ಕಡೆ ಬೀಳದಿದ್ದರೆ ಎಲ್ಲರೂ ಮೊದಲು ಅನುಮಾನಪಡುವುದು ಸ್ಕೋಪಿನ (ಗುರಿ ನೋಡುವ ದುರ್ಬೀನಿನ) ಮೇಲೆ. ನಾನು ಮೊದಲು ಬಿಚ್ಚಿ ನೋಡುವುದು ಅದರ ಕೆಳಗಿನ ರೈಲನ್ನು, ಅಂದರೆ ಸ್ಕೋಪನ್ನು ರೈಫಲಿಗೆ ಹಿಡಿದಿಡುವ ಲೋಹದ ಪಟ್ಟಿಯನ್ನು. ಕೂರದ ರೈಲನ್ನು ಸ್ಕ್ರೂ ಬಲದಿಂದ ಎಳೆದು ಕೂರಿಸಿದರೆ ರೈಲ್ ಬಾಗುತ್ತದೆ. ಅದರ ಜೊತೆ ಸ್ಕೋಪನ್ನು ಹಿಡಿಯುವ ರಿಂಗ್‌ಗಳ ನೇರ ತಪ್ಪುತ್ತದೆ, ಸ್ಕೋಪಿನ ಕೊಳವೆಯ ಮೇಲೂ ಒತ್ತಡ ಬೀಳುತ್ತದೆ. ಇಲ್ಲಿ ಬರೆದಿರುವುದು ಕಾರ್ಖಾನೆಯಲ್ಲೇ ತೂತು ಕೊರೆದು ಥ್ರೆಡ್ ಹಾಕಿರುವ ಬೋಲ್ಟ್ ಆಕ್ಷನ್ ರೈಫಲ್ (ಬೋಲ್ಟನ್ನು ಕೈಯಿಂದ ಹಿಂದೆ ಮುಂದೆ ಎಳೆದು ಗುಂಡು ತುಂಬುವಂಥದ್ದು) ಬಗ್ಗೆ. ತೂತೇ ಇಲ್ಲದ ರಿಸೀವರ್ (ಬೋಲ್ಟ್ ಓಡಾಡುವ, ರೈಫಲಿನ ಮುಖ್ಯ ಭಾಗ) ಆದರೆ ಅದು ಪಳಗಿದ ಗನ್‌ಸ್ಮಿತ್ (ಬಂದೂಕು ಕೆಲಸಗಾರನ) ಕೆಲಸ.

ಮ್ಯಾಗಜಿನ್ ತೆಗೆದು, ಗುಂಡು ಕೂರುವ ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ಬೋಲ್ಟ್ ಹೊರಗಿಟ್ಟ ಮೇಲೆಯೇ ಕೆಲಸ ಶುರು. ಗುಂಡುಗಳು ಆ ಕೋಣೆಯಲ್ಲೇ ಇರಬಾರದು.

ರೈಲ್ ಕೊಳ್ಳುವಾಗ ರೈಫಲಿನ ಮಾದರಿಯಷ್ಟೇ ಹೇಳಿದರೆ ಸಾಲದು. ಶಾರ್ಟ್ ಆಕ್ಷನ್ನೋ ಲಾಂಗ್ ಆಕ್ಷನ್ನೋ (ಬೋಲ್ಟ್ ಓಡುವ ಭಾಗ ಗಿಡ್ಡವೋ ಉದ್ದವೋ), ಸ್ಕ್ರೂ 6-48ರದೋ 8-40ರದೋ (ಮೊದಲ ಅಂಕಿ ದಪ್ಪದ ನಂಬರ್, ಎರಡನೆಯದು ಇಂಚಿಗೆ ಎಷ್ಟು ಸುತ್ತು ಥ್ರೆಡ್ ಎಂಬುದು), ಇಷ್ಟೂ ಗೊತ್ತಿರಬೇಕು. ಪಿಕಟಿನ್ನಿ, ವೀವರ್ ರೈಲಿನ ಎರಡು ಬಗೆ. ಪಿಕಟಿನ್ನಿ ರೈಲಿನ ಅಡ್ಡ ತೋಡು 5.23 ಮಿ.ಮೀ. ಅಗಲ, ಒಂದು ತೋಡಿನ ನಡುವಿನಿಂದ ಇನ್ನೊಂದರ ನಡುವಿಗೆ 10.01 ಮಿ.ಮೀ. ವೀವರ್ ತೋಡು ಅದಕ್ಕಿಂತ ಕಿರಿದು. ಹಾಗಾಗಿ ವೀವರ್ ರಿಂಗ್ ಸಾಮಾನ್ಯವಾಗಿ ಪಿಕಟಿನ್ನಿ ಮೇಲೆ ಕೂರುತ್ತದೆ, ಪಿಕಟಿನ್ನಿ ರಿಂಗ್ ವೀವರ್ ಮೇಲೆ ಕೂರುವುದಿಲ್ಲ. 20 ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ 60ನೇ ಒಂದು ಪಾಲು) ಇಳಿಜಾರಿನ ರೈಲ್ ಆದರೆ ಎತ್ತರದ ತುದಿ ಹಿಂದಕ್ಕೆ, ಕಣ್ಣಿನ ಕಡೆಗೆ ಬರಬೇಕು. 20 ಎಂಒಎ ಎಂದರೆ 100 ಮೀಟರಿನಲ್ಲಿ ಸುಮಾರು 58 ಸೆಂ.ಮೀ. ಹತ್ತಿರದ ಗುರಿಗೇ ಹೊಡೆಯುವವರಿಗೆ ಇಳಿಜಾರಿಲ್ಲದ ರೈಲ್ ಸಾಕು.

ರಿಸೀವರ್ ಮೇಲಿನ ಮುಚ್ಚಳದ ಸ್ಕ್ರೂ ತೆಗೆದರೆ ತೂತಿನೊಳಗೆ ಎಣ್ಣೆ ನಿಂತಿರುತ್ತದೆ. ಅಸಿಟೋನ್‌ನಲ್ಲಿ ಅದ್ದಿದ ಹತ್ತಿ ಕಡ್ಡಿ ಬೆಳ್ಳಗೇ ಹೊರಬರುವವರೆಗೆ ಒರೆಸುತ್ತೇನೆ. ಸ್ಕ್ರೂಗಳನ್ನೂ ರೈಲಿನ ತಳವನ್ನೂ ಹಾಗೆಯೇ. ಎಣ್ಣೆ ಉಳಿದರೆ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಾಕುವ ಅಂಟು) ಹಿಡಿಯುವುದಿಲ್ಲ.

ಆಮೇಲಿನದು ನಿಜವಾದ ಪರೀಕ್ಷೆ. ರೈಲನ್ನು ಒಣದಾಗಿ ಇಟ್ಟು ಮುಂದಿನ ಎರಡು ಸ್ಕ್ರೂ ಮಾತ್ರ ಮೆಲ್ಲಗೆ ಬಿಗಿದು, ಹಿಂದೆ ಟಾರ್ಚ್ ಹಿಡಿದು ಪಕ್ಕದಿಂದ ನೋಡುತ್ತೇನೆ. ರೈಲಿಗೂ ರಿಸೀವರಿಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಅದು ಕೂತಿಲ್ಲ. 0.05 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಒಳಗೆ ಹೋದರೆ ಅನುಮಾನವೇ ಬೇಡ. ಹಿಂದಿನದನ್ನು ಬಿಗಿದು ಮುಂದೆಯೂ ಹೀಗೇ ನೋಡಬೇಕು.

ಸಂದು ಸಿಕ್ಕಿದರೆ ಎಪಾಕ್ಸಿ ಬೆಡ್ಡಿಂಗ್, ಅಂದರೆ ಸಂದಿಗೆ ಎಪಾಕ್ಸಿ ಅಂಟು ತುಂಬಿ ಗಟ್ಟಿಯಾಗಲು ಬಿಡುವುದು. ರಿಸೀವರಿಗೆ ಅಂಟು ಹಿಡಿಯದಂತೆ ರಿಲೀಸ್ ಏಜೆಂಟ್ ಹಚ್ಚಿ, ತೂತುಗಳಿಗೆ ಮಾಡೆಲಿಂಗ್ ಕ್ಲೇ ತುಂಬಿ, ರೈಲಿನ ಹಿಂಭಾಗದ ತಳಕ್ಕೆ ಉಕ್ಕಿನ ಪುಡಿ ಬೆರೆಸಿದ ಎಪಾಕ್ಸಿಯನ್ನು ತೆಳುವಾಗಿ ಸವರುತ್ತೇನೆ. ಮುಂದಿನ ಸ್ಕ್ರೂ ಮಾತ್ರ ಬಿಗಿ. ಹಿಂದಿನದನ್ನೂ ಬಿಗಿದರೆ ರೈಲ್ ಬಾಗಿದ ಆಕಾರದಲ್ಲೇ ಎಪಾಕ್ಸಿ ಗಟ್ಟಿಯಾಗಿ, ಪಟ್ಟ ಕಷ್ಟವೆಲ್ಲ ವ್ಯರ್ಥ. 24 ಗಂಟೆ ಮುಟ್ಟಬಾರದು. ಬಿಚ್ಚಿದ ಮೇಲೆ ಅಂಚಿನಲ್ಲಿ ಉಕ್ಕಿದ್ದನ್ನು ಕೆರೆದು, ತೂತಿನ ಕ್ಲೇ ತೆಗೆದು ಮತ್ತೆ ಅಸಿಟೋನ್.

ಸ್ಕ್ರೂ ಉದ್ದದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ನಾಲ್ಕೂ ಒಂದೇ ಉದ್ದ ಇರಬೇಕೆಂದಿಲ್ಲ. ತೀರ ಮುಂದಿನದು ಬ್ಯಾರಲ್ ಥ್ರೆಡ್ ಮೇಲೆ ಬರುವ ರೈಫಲ್‌ಗಳಲ್ಲಿ, ಉದ್ದವಾದರೆ ತುದಿ ಬ್ಯಾರಲಿಗೆ ಒತ್ತಿ ನಿಲ್ಲುತ್ತದೆ. ಇಟ್ಟಷ್ಟೇ ಬಲಕ್ಕೆ ಬಿಗಿಯುವ ಟಾರ್ಕ್ ವ್ರೆಂಚ್ 'ಟಕ್' ಎನ್ನುತ್ತದೆ, ರೈಲ್ ಮಾತ್ರ ಸಡಿಲ. ಅದಕ್ಕೇ ಒಂದೊಂದು ಸ್ಕ್ರೂವನ್ನೂ ಒಂಟಿಯಾಗಿ ಬಿಗಿದು, ಆ ಒಂದರಿಂದಲೇ ರೈಲ್ ಹಿಡಿಯುತ್ತದೆಯೇ ನೋಡುತ್ತೇನೆ. ಅದರ ಹಿಂದಿನದು ಬೋಲ್ಟ್ ಲಗ್ (ಬೋಲ್ಟನ್ನು ಬೀಗದಂತೆ ಹಿಡಿಯುವ ಉಬ್ಬು) ತಿರುಗುವ ಜಾಗಕ್ಕೆ ಇಳಿಯಬಹುದು. ಬೋಲ್ಟ್ ಹಾಕಿ ಹಿಡಿಕೆ ಇಳಿಸುವಾಗ ಎಲ್ಲಾದರೂ ಕೆರೆದಂತಾದರೆ ಸ್ಕ್ರೂ ಉದ್ದ ಎಂದೇ ಅರ್ಥ. ತುದಿಯನ್ನು ಸ್ವಲ್ಪ ಸ್ವಲ್ಪವೇ ಉಜ್ಜಬೇಕು. 6-48 ಸ್ಕ್ರೂನಲ್ಲಿ ಒಂದು ಸುತ್ತು ಎಂದರೆ 0.53 ಮಿ.ಮೀ. ಮಾತ್ರ, ಅರ್ಧ ಮಿಲಿಮೀಟರ್ ಹೆಚ್ಚು ಉಜ್ಜಿದರೆ ಒಂದು ಸುತ್ತಿನ ಹಿಡಿತ ಹೋಯಿತು.

ಕೊನೆಯ ಜೋಡಣೆಗೆ ನೀಲಿ ಥ್ರೆಡ್‌ಲಾಕರ್, ಸ್ಕ್ರೂ ಥ್ರೆಡ್‌ಗೆ ಒಂದು ಸಣ್ಣ ಹನಿ. ತೂತಿಗೆ ಸುರಿಯಬಾರದು, ಕೆಳಗಿಳಿದು ಬೋಲ್ಟ್ ದಾರಿಯಲ್ಲಿ ಗಟ್ಟಿಯಾಗುತ್ತದೆ. 6-48 ಸ್ಕ್ರೂಗೆ ನಾನು 15ರಿಂದ 20 ಇಂಚ್-ಪೌಂಡ್ ಕೊಡುತ್ತೇನೆ, ಅಂದರೆ 1.7ರಿಂದ 2.3 ನ್ಯೂಟನ್-ಮೀಟರ್. 8-40ಕ್ಕೆ 25ರವರೆಗೆ. ರೈಲ್ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ಮೊದಲು ಎಲ್ಲಕ್ಕೂ 10, ಆಮೇಲೆ ಪೂರ್ತಿ. ಸವೆದ ಟಾರ್ಕ್ಸ್ (ನಕ್ಷತ್ರದ ಆಕಾರದ) ಬಿಟ್ ಬಳಸಿದರೆ ಸ್ಕ್ರೂ ತಲೆ ಹಾಳಾಗುತ್ತದೆ, ಹೊಸ ಬಿಟ್ ಇಡಿ.

ರಿಂಗ್ ಕೂರಿಸುವಾಗ ಅದರ ಅಡ್ಡ ಬೋಲ್ಟನ್ನು ತೋಡಿನ ಮುಂದಿನ ಗೋಡೆಗೆ ಒತ್ತಿ ಹಿಡಿದು ಬಿಗಿಯಬೇಕು. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಬರುತ್ತದೆ, ಸ್ಕೋಪ್ ಇದ್ದಲ್ಲೇ ಉಳಿಯಲು ನೋಡುತ್ತದೆ. ಮುಂದೆ ಸಂದು ಬಿಟ್ಟಿದ್ದರೆ ರಿಂಗ್ ಆ ಸಂದಿನಷ್ಟು ಸರಿಯುತ್ತದೆ, ಹೊಂದಿಸಿದ ಗುರಿಯೂ ಸರಿಯುತ್ತದೆ.

ಪ್ರತಿ ಸ್ಕ್ರೂ ತಲೆಯಿಂದ ರೈಲಿನವರೆಗೆ ಪೇಂಟ್ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಡುತ್ತೇನೆ. 20 ಗುಂಡು ಹಾರಿಸಿದ ಮೇಲೆ ಗೆರೆ ನೇರವಾಗಿದ್ದರೆ ಕೈ ಹಚ್ಚುವುದಿಲ್ಲ, ಮತ್ತೆ ಬಿಗಿಯಲು ಹೋದರೆ ಗಟ್ಟಿಯಾದ ಥ್ರೆಡ್‌ಲಾಕರ್ ಒಡೆಯುತ್ತದೆ. ಗೆರೆ ಮುರಿದಿದ್ದರೆ ಸ್ಕ್ರೂ ಬಿಚ್ಚಿ, ಒರೆಸಿ, ಹೊಸ ಹನಿ ಹಾಕಿ ಬಿಗಿಯಬೇಕು. ಬಿಚ್ಚಲು ಬಾರದಿದ್ದರೆ ಸ್ಕ್ರೂ ತಲೆಗೆ ಸೋಲ್ಡರಿಂಗ್ ಐರನ್‌ನ ಬಿಸಿ ತುದಿಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ಸಡಿಲವಾಗುತ್ತದೆ.