ವಿಕಲಚೇತನರನ್ನು ನೇಮಿಸಿಕೊಳ್ಳುವುದು ಹೇಗೆ: ಸಣ್ಣ ಉದ್ಯಮಿಗಳಿಗೊಂದು ಕೈಪಿಡಿ

ವಿಕಲಚೇತನರಿಗೆ ಕೆಲಸ ಕೊಡುವುದನ್ನು ನಮ್ಮಲ್ಲಿ ಅನೇಕ ಮಾಲೀಕರು ಇಂದಿಗೂ ಪುಣ್ಯಕಾರ್ಯವೆಂದೇ ಭಾವಿಸುತ್ತಾರೆ. ಹಾಗೆ ನೇಮಕವಾದವರಿಗೆ ಬಾಗಿಲ ಪಕ್ಕದ ಕುರ್ಚಿ, ಕಡಿಮೆ ಸಂಬಳ, ಕೆಲಸವೆನ್ನಲಾಗದ ಕೆಲಸ ಸಿಗುತ್ತದೆ. ಕೆಲವೇ ತಿಂಗಳಲ್ಲಿ ಅವರು ಬೇಸತ್ತು ಬಿಡುತ್ತಾರೆ, ಮಾಲೀಕರು ಪ್ರಯತ್ನಿಸಿ ನೋಡಿದೆವೆಂದು ಕೈತೊಳೆದುಕೊಳ್ಳುತ್ತಾರೆ. ನ್ಯಾಯವೂ ಲಾಭವೂ ಒಟ್ಟಿಗೆ ಕೈಗೂಡಬೇಕಾದರೆ ಲೆಕ್ಕಾಚಾರವನ್ನು ಕೆಲಸದ ಕಡೆಯಿಂದಲೇ ಆರಂಭಿಸಬೇಕು.

ಮೊದಲು ಹುದ್ದೆಯನ್ನು ಬಿಡಿಬಿಡಿಯಾಗಿ ಬರೆದುಕೊಳ್ಳಿ. ಗಾರ್ಮೆಂಟ್ಸ್ ಕಾರ್ಖಾನೆಯ ಚೆಕರ್ ಹೊಲಿಗೆ ನೋಡುತ್ತಾರೆ, ಉಳಿದ ದಾರ ಕತ್ತರಿಸುತ್ತಾರೆ, ಕಲೆಯಿರುವಲ್ಲಿ ಗುರುತಿಡುತ್ತಾರೆ, ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಇದರಲ್ಲಿ ಕಿವಿಗೆ ಎಲ್ಲಿಯೂ ಕೆಲಸವಿಲ್ಲ. ಹಾಗೆಯೇ ಕಚೇರಿಯ ಗುಮಾಸ್ತೆಯ ಜಾಹೀರಾತಿನಲ್ಲಿ ಅಭ್ಯಾಸಬಲದಿಂದ ಸೇರಿಸುವ 'ದ್ವಿಚಕ್ರ ವಾಹನದ ಲೈಸೆನ್ಸ್ ಕಡ್ಡಾಯ' ಎಂಬ ಸಾಲು ನಿಜಕ್ಕೂ ಬೇಕೇ ಎಂದು ಕೇಳಿಕೊಳ್ಳಿ, ಬೇಡವಾದರೆ ತೆಗೆದುಹಾಕಿ.

ಅಭ್ಯರ್ಥಿಗಳು ಸಿಗುವುದಿಲ್ಲವೆಂಬ ಮಾತು ಅರ್ಧಸತ್ಯ. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, ಅನಂತರ ಬಂದ ಸಮರ್ಥನಂ, ಎನೇಬಲ್ ಇಂಡಿಯಾ ಮೊದಲಾದ ಸಂಸ್ಥೆಗಳು ತರಬೇತಿ ಕೊಟ್ಟು ಉದ್ಯೋಗಕ್ಕೂ ಜೋಡಿಸುತ್ತವೆ. ಊರುಗಳಲ್ಲಾದರೆ ಗ್ರಾಮ ಪಂಚಾಯಿತಿಯ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಬಹುದು.

ಸಂದರ್ಶನದಲ್ಲಿ ಜೊತೆಗೆ ಬಂದ ಅಣ್ಣನನ್ನೋ ತಾಯಿಯನ್ನೋ ಮಾತನಾಡಿಸದೆ, ಅಭ್ಯರ್ಥಿಯನ್ನೇ ಮಾತನಾಡಿಸಿ. 'ಇದು ಹುಟ್ಟಿನಿಂದಲೇ?', 'ಮದುವೆಯಾಗಿದೆಯೇ?' ಎಂಬ ಪ್ರಶ್ನೆಗಳಿಗೂ ಹುದ್ದೆಗೂ ಸಂಬಂಧವಿಲ್ಲ. ಕೇಳಬೇಕಾದದ್ದು, 'ಈ ಕೆಲಸವನ್ನು ನೀವು ಹೇಗೆ ಮಾಡುತ್ತೀರಿ, ಅದಕ್ಕೆ ನಮ್ಮಿಂದ ಏನು ಬೇಕು?' ಎಂಬುದನ್ನು ಮಾತ್ರ. ಸಾಧ್ಯವಿದ್ದರೆ ಅದೇ ಕೆಲಸದ ಒಂದು ತುಣುಕನ್ನು ಅಲ್ಲಿಯೇ ಮಾಡಿಸಿ ನೋಡಿ. ಕಿವಿ ಕೇಳದವರು ಬರುವುದಾದರೆ ಸಂಜ್ಞಾ ಭಾಷೆಯ ದುಭಾಷಿಯನ್ನು ಮುಂಚೆಯೇ ಗೊತ್ತುಮಾಡಿ. ಸಂಬಳ ಮಾತ್ರ ಅದೇ ಹುದ್ದೆಯ ಇತರರಿಗೆ ಕೊಡುವಷ್ಟೇ ಇರಲಿ. ಇಲ್ಲಿ ಚೌಕಾಸಿಗೆ ಇಳಿದರೆ ಉಳಿದ ಶ್ರಮವೆಲ್ಲ ವ್ಯರ್ಥ.

ಕೆಲಸದ ಸ್ಥಳದ ಹೊಂದಾಣಿಕೆಗೆ ಹಣಕ್ಕಿಂತ ಗಮನ ಹೆಚ್ಚು ಬೇಕು. ಕಂಪ್ಯೂಟರ್ ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ, ಅಂಧ ನೌಕರರು ಬಳಸುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಆದರೆ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟಿನಲ್ಲಿರುವ ಕಡತವನ್ನು ತೆರೆದರೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಓದತೊಡಗುತ್ತದೆ. ಸುತ್ತೋಲೆಯನ್ನು ಮುದ್ರಿಸಿ, ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದರೆ ಅದೂ ಇಲ್ಲ. ಆದ್ದರಿಂದ ಎಲ್ಲ ಬರಹವೂ ಯೂನಿಕೋಡ್ ಪಠ್ಯವಾಗಿಯೇ ಹೋಗಲಿ. ಕಿವಿ ಕೇಳದವರಿರುವ ಶೆಡ್ಡಿನಲ್ಲಿ ಬೆಂಕಿಯ ಸೈರನ್ನಿನ ಜೊತೆಗೆ ಮಿನುಗುವ ದೀಪ ಇರಬೇಕು, ಫೋರ್ಕ್‌ಲಿಫ್ಟ್ ಹಿಮ್ಮುಖವಾಗಿ ಬರುವಾಗ ಹಾರ್ನ್ ಮಾತ್ರ ಸಾಲದು. ಗಾಲಿಕುರ್ಚಿಯ ಇಳಿಜಾರಿಗೆ 1:12 ಪ್ರಮಾಣ ಪಾಲಿಸಿ, ಅಂದರೆ ಒಂದೂವರೆ ಅಡಿ ಎತ್ತರದ ಪ್ರವೇಶಕ್ಕೆ 18 ಅಡಿ ಉದ್ದ ಬೇಕು. ಉದ್ಘಾಟನೆಯ ಫೋಟೊಗೆಂದು ಕಟ್ಟಿದಂತಿರುವ ಕಡಿದಾದ ಇಳಿಜಾರುಗಳನ್ನು ಎಷ್ಟೋ ಕಟ್ಟಡಗಳಲ್ಲಿ ಕಾಣಬಹುದು. ಅವುಗಳ ಮೇಲೆ ಯಾರೂ ಸ್ವತಂತ್ರವಾಗಿ ಹತ್ತಲಾರರು. ಶೌಚಾಲಯದ ಬಾಗಿಲ ಅಗಲವನ್ನೂ ಅಳೆದು ನೋಡಿ.

ಲಾಭದ ಮಾತಿಗೆ ಬಂದರೆ, ವಿಕಲಚೇತನರನ್ನು ನೇಮಿಸಿಕೊಂಡಿರುವ ಹೊಸೂರಿನ ಟೈಟನ್ ಕೈಗಡಿಯಾರ ಕಾರ್ಖಾನೆ, ಲೆಮನ್ ಟ್ರೀ ಹೋಟೆಲುಗಳು, ಸಿಬ್ಬಂದಿಯಲ್ಲಿ ವಿಕಲಚೇತನರೇ ಹೆಚ್ಚಾಗಿರುವ ಬೆಂಗಳೂರಿನ ವಿಂಧ್ಯ ಇ-ಇನ್ಫೋಮೀಡಿಯಾ ಇವೆಲ್ಲ ವ್ಯಾಪಾರಕ್ಕಾಗಿಯೇ ನಡೆಯುವ ಸಂಸ್ಥೆಗಳು. ಇಂಥ ನೇಮಕದಿಂದ ಕಾಣುವ ಮುಖ್ಯ ಲಾಭವೆಂದರೆ, ನೌಕರರು ಪದೇಪದೇ ಕೆಲಸ ಬಿಡದಿರುವುದರಿಂದ ಹೊಸಬರನ್ನು ಹುಡುಕಿ ಕಲಿಸುವ ಖರ್ಚು ಉಳಿಯುತ್ತದೆ. ಆದರೆ ಬೇರೆ ಬಾಗಿಲುಗಳು ಮುಚ್ಚಿರುವುದೂ ಈ ನಿಷ್ಠೆಗೆ ಒಂದು ಕಾರಣವಾಗಿರಬಹುದೆಂಬುದನ್ನು ಮಾಲೀಕರು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಎಲ್ಲಿಗೂ ಹೋಗಲಾರರೆಂಬ ಧೈರ್ಯದಿಂದ ಸಂಬಳ ಏರಿಸದಿರುವುದು ಶೋಷಣೆಯೇ.

ಕಾಗದಪತ್ರಗಳ ವಿಷಯ ಚಿಕ್ಕದು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳ ಸಮಾನ ಅವಕಾಶ ನೀತಿಯಲ್ಲಿ ಸೂಕ್ತ ಹುದ್ದೆಗಳ ಪಟ್ಟಿ, ಆಯ್ಕೆಯ ವಿಧಾನ ಹಾಗೂ ಸಂಪರ್ಕಾಧಿಕಾರಿಯ ನೇಮಕದ ವಿವರ ಇರಬೇಕು. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಮಾಸಿಕ ವೇತನದ ಮಿತಿ ಇತರರಿಗೆ 21,000 ರೂಪಾಯಿಯಾದರೆ ವಿಕಲಚೇತನರಿಗೆ 25,000. ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಪ್ರತಿಯನ್ನು ಕಡತದಲ್ಲಿಟ್ಟು, ಅದರ ವಿವರ ಕಚೇರಿಯಲ್ಲಿ ಹರಿದಾಡದಂತೆ ನೋಡಿಕೊಳ್ಳಿ.

ಬಡ್ತಿಯ ಪಟ್ಟಿ ಸಿದ್ಧಪಡಿಸುವಾಗಲೂ ಮೊದಲಿನ ಕ್ರಮವೇ ಅನ್ವಯಿಸುತ್ತದೆ. ಕಿವಿ ಕೇಳದ ಚೆಕರ್ ಸೂಪರ್‌ವೈಸರ್ ಆಗಲು ಅರ್ಹರಾಗಿದ್ದರೆ, ಆ ಹುದ್ದೆಯನ್ನೂ ಬಿಡಿಸಿ ಬರೆದು, ತಂಡಕ್ಕೆ ಸೂಚನೆ ಕೊಡುವುದು ಹೇಗೆಂದು ಅವರನ್ನೇ ಕೇಳಿ, ತಂಡದ ಉಳಿದವರಿಗೆ ಸಂಜ್ಞಾ ಭಾಷೆಯ ಪಾಠ ಏರ್ಪಡಿಸಿ.