ಕಿಟಕಿ ಬ್ಲೈಂಡ್‌ನ ಸರ: ಮಗುವಿಗೆ ಕುಣಿಕೆಯಾಗದಂತೆ ಬಿಗಿಯುವುದು ಹೇಗೆ?

ಬ್ಲೈಂಡ್ ಹಾಕುವವರು ಬಟ್ಟೆಯ ಬಣ್ಣ ತೋರಿಸುತ್ತಾರೆ, ಅಳತೆ ತೆಗೆದುಕೊಳ್ಳುತ್ತಾರೆ, ಮುಂದಿನ ವಾರ ಬಂದು ಅರ್ಧ ಗಂಟೆಯಲ್ಲಿ ಕೂರಿಸಿ ಹೋಗುತ್ತಾರೆ. ಸರದ ಕೆಳತುದಿಯನ್ನು ಗೋಡೆಗೆ ಹಿಡಿದಿಡಬೇಕಾದ ಪುಟ್ಟ ಪ್ಲಾಸ್ಟಿಕ್ ಹೋಲ್ಡರ್ ಮಾತ್ರ ಪೊಟ್ಟಣದಲ್ಲೇ ಉಳಿದು ಕಸಕ್ಕೆ ಹೋಗುತ್ತದೆ. ಮಣಿಸರ ಕಿಟಕಿಯ ಪಕ್ಕದಲ್ಲಿ ಉದ್ದಕ್ಕೆ ಜೋತುಬಿದ್ದಿರುತ್ತದೆ, ಅದರ ಕೆಳಗೇ ದಿವಾನ ಇರುತ್ತದೆ.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಪ್ರಕಾರ, ಆ ದೇಶದಲ್ಲಿ ಐದು ವರ್ಷ ಹಾಗೂ ಅದಕ್ಕಿಂತ ಚಿಕ್ಕ ಮಕ್ಕಳಲ್ಲಿ ವರ್ಷಕ್ಕೆ ಸರಾಸರಿ 9 ಮಂದಿ ಬ್ಲೈಂಡ್, ಪರದೆಗಳ ಹಗ್ಗ ಕುತ್ತಿಗೆಗೆ ಬಿಗಿದು ಸಾಯುತ್ತಾರೆ. ಎರಡು ವರ್ಷದ ಮಗುವಿಗೆ ಮೈಗೆ ಹೋಲಿಸಿದರೆ ತಲೆ ಭಾರ, ಶ್ವಾಸನಾಳ ಮೆದು. ಕಾಲು ಜಾರಿದರೆ ಮೈಭಾರವೆಲ್ಲ ಕುತ್ತಿಗೆಯ ಮೇಲೆ ಬೀಳುತ್ತದೆ, ಕೂಗಲು ಉಸಿರೇ ಇರುವುದಿಲ್ಲ. ಒಂದು ನಿಮಿಷದೊಳಗೆ ಜೀವ ಹೋಗಬಹುದು. ಪಕ್ಕದ ಕೋಣೆಯಲ್ಲಿದ್ದವರಿಗೂ ಸದ್ದು ಕೇಳಿಸುವುದಿಲ್ಲವಾದ್ದರಿಂದ ‘ನಾವು ನೋಡಿಕೊಳ್ಳುತ್ತಿರುತ್ತೇವೆ’ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಯಾವ ಅಳತೆ ಹಿಡಿಯಬೇಕು?

ಆಸ್ಟ್ರೇಲಿಯಾದ್ದು. ಅಲ್ಲಿ 2010ರ ಡಿಸೆಂಬರ್ 30ರಿಂದ ಬ್ಲೈಂಡ್ ಮಾರುವವರಿಗೆ, 2015ರ ಜನವರಿ 1ರಿಂದ ಮನೆಗೆ ಬಂದು ಕೂರಿಸುವವರಿಗೂ ಕಡ್ಡಾಯ ನಿಯಮವಿದೆ. ನೆಲದಿಂದ 1600 ಮಿ.ಮೀ. ಎತ್ತರದೊಳಗೆ 220 ಮಿ.ಮೀ. ಅಥವಾ ಅದಕ್ಕಿಂತ ಉದ್ದದ ಸಡಿಲ ಕುಣಿಕೆ ಆಗುವಂತಿರಬಾರದು ಎಂಬುದು ಅದರ ತಿರುಳು. ಟೇಪು ಹಿಡಿದು ಯಾರು ಬೇಕಾದರೂ ನೋಡಬಹುದು, ಅದಕ್ಕೇ ಈ ನಿಯಮ ಒಳ್ಳೆಯದು. 2021ರ ಮೇ 1ರಿಂದ ಜಾರಿಗೆ ಬಂದ ಕೆನಡಾದ ನಿಯಮ ಇನ್ನೂ ಬಿಗಿ: ಮಗುವಿನ ಕೈಗೆ ಸಿಗುವ ಹಗ್ಗ 22 ಸೆಂ.ಮೀ. ಮೀರಬಾರದು.

ಅಮೆರಿಕದ ಕಥೆ ನಮಗೆ ಪಾಠ. ಅಲ್ಲಿನ ಉದ್ಯಮವೇ ರೂಪಿಸಿಕೊಂಡ ಮಾನದಂಡ 2018ರ ಡಿಸೆಂಬರ್‌ನಿಂದ ಅಂಗಡಿಯಲ್ಲಿ ಸಿಗುವ ಸಿದ್ಧ ಬ್ಲೈಂಡ್‌ಗಳಿಗೆ ಮಾತ್ರ ಅಪಾಯದ ಹಗ್ಗ ಬೇಡವೆಂದಿತು. ಅಳತೆ ಕೊಟ್ಟು ಮಾಡಿಸುವವಕ್ಕೆ ವಿನಾಯಿತಿ ಉಳಿಯಿತು. ಆಯೋಗ 2022ರಲ್ಲಿ ತಂದ ಕಡ್ಡಾಯ ನಿಯಮವನ್ನು ಮರುವರ್ಷ ಕೋರ್ಟ್ ರದ್ದು ಮಾಡಿತು. ಪರಿಷ್ಕೃತ ಮಾನದಂಡ ಮಾಡಿಸಿದ ಬ್ಲೈಂಡ್‌ಗಳನ್ನೂ ಒಳಗೊಂಡು ಜಾರಿಯಾದದ್ದು 2024ರ ಜೂನ್ 1ಕ್ಕೆ. ನಮ್ಮ ಫ್ಲ್ಯಾಟುಗಳಲ್ಲಿರುವುದು ಹೆಚ್ಚಾಗಿ ಅಳತೆ ಕೊಟ್ಟು ಮಾಡಿಸಿದವೇ. ಆದ್ದರಿಂದ ಹೊಸದು ಮಾಡಿಸುವಾಗ ಸ್ಪ್ರಿಂಗಿನದು, ಅಂದರೆ ಸರವೇ ಇಲ್ಲದೆ ಕೆಳಪಟ್ಟಿ ಹಿಡಿದು ಎಳೆಯುವಂಥದು, ಕೇಳಿ. ಮೋಟಾರಿನದೂ ಆಗುತ್ತದೆ, ಆದರೆ ರಿಮೋಟಿನಲ್ಲಿ ಬಿಲ್ಲೆ ಬ್ಯಾಟರಿ ಇದ್ದರೆ ಅದರ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಮಕ್ಕಳು ನುಂಗಿದರೆ ಅದು ಇನ್ನೊಂದು ಅನಾಹುತ.

ಮೊದಲು ಪೀಠೋಪಕರಣ

ಮಂಚ, ತೊಟ್ಟಿಲು, ಸೋಫಾ, ಸ್ಟೂಲು ಎಲ್ಲವನ್ನೂ ಬ್ಲೈಂಡಿನ ಕಿಟಕಿಯಿಂದ ದೂರ ಸರಿಸಿ. ಮಗು 45 ಸೆಂ.ಮೀ. ಎತ್ತರದ ದಿವಾನ ಹತ್ತಿದರೆ ನಿಮ್ಮ 1600 ಮಿ.ಮೀ. 1150ಕ್ಕೆ ಇಳಿಯಿತು.

ಸರದ ಉದ್ದ

ನಮ್ಮ ಮನೆಗಳ ಲಿಂಟಲ್ ಸಾಮಾನ್ಯವಾಗಿ ಏಳಡಿ, ಸುಮಾರು 2.1 ಮೀಟರ್. ಸರ ಅರ್ಧ ಮೀಟರ್ ಮಾತ್ರ ಇಳಿದರೆ ತುದಿ 1600ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬ್ಲೈಂಡ್ ಹಾಕುವವರನ್ನು ಕೇಳಿದರೆ ‘ಅಷ್ಟು ಚಿಕ್ಕದಾದರೆ ಎಳೆಯೋಕೆ ಆಗಲ್ಲ’ ಎಂಬ ಉತ್ತರ ಬರುತ್ತದೆ. ಜೋಡಣೆಯೇ ಇಲ್ಲದ ಅಚ್ಚಿನ ಸರವಾದರೆ ಆಗುತ್ತದೆ, ನಾಲ್ಕು ಸಲ ಹೆಚ್ಚು ಎಳೆಯಬೇಕು ಅಷ್ಟೆ. ಇರುವ ಸರವನ್ನೇ ಕತ್ತರಿಸಿ ಕ್ಲಿಪ್ಪಿನಿಂದ ಜೋಡಿಸಿದರೆ ಆ ಕ್ಲಿಪ್ಪು ಮೇಲಿನ ಹಲ್ಲುಚಕ್ರದಲ್ಲಿ ಸಿಕ್ಕಿಕೊಂಡು ಬ್ಲೈಂಡ್ ಅರ್ಧಕ್ಕೇ ನಿಲ್ಲುತ್ತದೆ. ಉದ್ದದ ಸರಕ್ಕೆ ಗಂಟು ಹಾಕಿ ಮೇಲೆತ್ತುವವರಿದ್ದಾರೆ. ಗಂಟಿನ ಮೇಲೆ ಇನ್ನೊಂದು ಕುಣಿಕೆ ಹುಟ್ಟುತ್ತದೆ, ಹಾಗೆ ಮಾಡಬೇಡಿ.

ಹೋಲ್ಡರ್ ಬಿಗಿಯುವುದು: ಎಲ್ಲರೂ ಎಡವುವುದು ಇಲ್ಲೇ

ಉದ್ದದ ಸರವನ್ನೇ ಉಳಿಸಿಕೊಳ್ಳುವುದಾದರೆ ಹೋಲ್ಡರ್ ಬೇಕೇ ಬೇಕು. ಬೇಕಾದ ಸಾಮಾನು: ಸ್ಕ್ರೂ ಹಾಕಲು ಎರಡು ತೂತಿರುವ ಹೋಲ್ಡರ್, ಗೋಡೆ ಕೊರೆಯುವ 6 ಮಿ.ಮೀ. ಬಿಟ್, ಎರಡು ಪ್ಲಾಸ್ಟಿಕ್ ಪ್ಲಗ್, 35 ಮಿ.ಮೀ. ಸ್ಕ್ರೂ. ಹೋಲ್ಡರ್ ಜೊತೆ ಬರುವ ಗಿಡ್ಡ ಸ್ಕ್ರೂ ಗಾರೆಯನ್ನಷ್ಟೇ ಹಿಡಿಯುತ್ತದೆ, ಒಳಗಿನ ಇಟ್ಟಿಗೆ ಮುಟ್ಟುವುದಿಲ್ಲ. ಅದನ್ನು ಎಸೆಯಿರಿ. ಎರಡು ಕಡೆ ಅಂಟುವ ಟೇಪನ್ನೂ ನಂಬಬೇಡಿ, ಬಿಸಿಲಿಗೆ ಪೇಂಟಿನ ಸಮೇತ ಕಿತ್ತುಬರುತ್ತದೆ.

ಸರವನ್ನು ಹೋಲ್ಡರಿಗೆ ಸಿಕ್ಕಿಸಿ ಕೈಯಲ್ಲಿ ಹಿಡಿದು, ಎರಡೂ ಎಳೆ ನೆಟ್ಟಗಾಗುವವರೆಗೆ ಕೆಳಗೆ ತನ್ನಿ. ಸರ ಕ್ಲಚ್‌ನಿಂದ, ಅಂದರೆ ಮೇಲಿನ ಹಲ್ಲುಚಕ್ರದಿಂದ, ನೇರ ಕೆಳಗೆ ಇಳಿಯಬೇಕು. ಎರಡು ಬೆರಳು ಓರೆಯಾದರೂ ಮಣಿಗಳು ಹಲ್ಲು ತಪ್ಪಿ ಕಟಕಟ ಎನ್ನುತ್ತವೆ. ಹಾಗೆಯೇ ಹಿಡಿದುಕೊಂಡು ಇನ್ನೊಬ್ಬರಿಂದ ಬ್ಲೈಂಡನ್ನು ಪೂರ್ತಿ ಮೇಲೆ, ಪೂರ್ತಿ ಕೆಳಗೆ ಆಡಿಸಿ ನೋಡಿ. ಬಿಗಿ ಹೆಚ್ಚಾಗಿದ್ದರೆ ಎಳೆಯುವ ಕೈಗೇ ಗೊತ್ತಾಗುತ್ತದೆ. ಆಗ ಎರಡು-ಮೂರು ಮಿ.ಮೀ. ಮೇಲೆತ್ತಿ. ಈ ಪರೀಕ್ಷೆ ಮಾಡದೆ ತೂತು ಕೊರೆದರೆ ಬ್ಲೈಂಡ್ ಗಟ್ಟಿಯಾಗುತ್ತದೆ, ಮನೆಯವರು ಬೇಸತ್ತು ಸರವನ್ನು ಹೋಲ್ಡರಿನಿಂದ ಬಿಡಿಸಿಡುತ್ತಾರೆ, ಕಥೆ ಮೊದಲಿಗೆ ಬಂತು. ಈಗ ಒಂದು ಎಳೆಯನ್ನು ನಡುವೆ ಹಿಡಿದು ಪಕ್ಕಕ್ಕೆ ಎಳೆಯಿರಿ. ಆಗುವ ಕುಣಿಕೆ 220 ಮಿ.ಮೀ. ಮುಟ್ಟುವಂತಿದ್ದರೆ ಇನ್ನೂ ಬಿಗಿ ಬೇಕು.

ಪೆನ್ಸಿಲಿನಲ್ಲಿ ಗುರುತು ಹಾಕಿ 40 ಮಿ.ಮೀ. ಆಳ ಕೊರೆಯಿರಿ. ತೂತು ಕಿಟಕಿ ಗೋಡೆಯ ಮೂಲೆಯಿಂದ ಕನಿಷ್ಠ ನಾಲ್ಕು ಸೆಂ.ಮೀ. ಒಳಗಿರಲಿ, ಇಲ್ಲದಿದ್ದರೆ ಗಾರೆ ಹೆಕ್ಕಳೆ ಏಳುತ್ತದೆ. ಸರ ಗೋಡೆಯಿಂದ ಮುಂದಕ್ಕೆ ನಿಂತಿದ್ದರೆ ಹೋಲ್ಡರಿನ ಹಿಂದೆ ಅಷ್ಟೇ ದಪ್ಪದ ಮರದ ತುಂಡು ಕೊಡಿ, ಸ್ಕ್ರೂವಿನ ಉದ್ದಕ್ಕೂ ಆ ದಪ್ಪ ಸೇರಿಸಿ. ಗ್ರಾನೈಟ್ ಚೌಕಟ್ಟಿದ್ದರೆ ಅದನ್ನು ಬಿಟ್ಟು ಗೋಡೆಗೇ ಹಾಕುವುದು ವಾಸಿ.

ಕೊನೆಗೆ ಪರೀಕ್ಷೆ. 1600 ಮಿ.ಮೀ.ಗಿಂತ ಕೆಳಗಿನ ಹೋಲ್ಡರ್ 70 ನ್ಯೂಟನ್ ಎಳೆತವನ್ನು 10 ಸೆಕೆಂಡ್ ತಾಳಬೇಕೆನ್ನುತ್ತದೆ ಆಸ್ಟ್ರೇಲಿಯಾದ ನಿಯಮ. ಸೂಟ್‌ಕೇಸ್ ತೂಗುವ ಕೈತಕ್ಕಡಿಯ ಕೊಕ್ಕೆಯನ್ನು ಹೋಲ್ಡರಿಗೆ ಸಿಕ್ಕಿಸಿ, 7 ಕೆ.ಜಿ.ಗಿಂತ ತುಸು ಹೆಚ್ಚು ತೋರುವವರೆಗೆ ಎಳೆದು ಹತ್ತು ಎಣಿಸಿ. ಅಲ್ಲಾಡಿದರೆ ಪ್ಲಗ್ ಬದಲಿಸಿ ಮತ್ತೆ ಮಾಡಿ. ಎಳೆದರೆ ತಾನೇ ಬಿಚ್ಚಿಕೊಳ್ಳುತ್ತದೆ ಎಂದು ಮಾರುವ ಕ್ಲಿಪ್ಪುಗಳಿದ್ದರೂ ಹೋಲ್ಡರ್ ಇರಲಿ. ಮಗುವಿನ ತೂಕಕ್ಕೆ ಅದು ಬಿಚ್ಚಿಕೊಳ್ಳುವುದೋ ಇಲ್ಲವೋ ಎಂದು ಮನೆಯಲ್ಲಿ ಪರೀಕ್ಷಿಸುವ ಸರಿಯಾದ ದಾರಿಯಿಲ್ಲ.

ಬೇರೆ ಬಗೆಯವು

ವೆನೀಷಿಯನ್ ಬ್ಲೈಂಡಿನ ಪಟ್ಟಿಗಳ ನಡುವಿನ ಹಗ್ಗವನ್ನು ಮಗು ಹೊರಕ್ಕೆ ಎಳೆದರೂ ಕುಣಿಕೆಯಾಗುತ್ತದೆ. ಬ್ಲೈಂಡನ್ನು ಪೂರ್ತಿ ಇಳಿಸಿ, ಹಗ್ಗ ತಡೆಯುವ ಬಿಲ್ಲೆ ಮೇಲಿನ ಪೆಟ್ಟಿಗೆಯಿಂದ ಒಂದೆರಡು ಇಂಚಿನೊಳಗೆ ಇದೆಯೇ ನೋಡಿ. ಎಳೆಯುವ ಹಗ್ಗಗಳ ತುದಿ ಒಂದಾಗಿ ಕುಣಿಕೆಯಾಗಿದ್ದರೆ ಕತ್ತರಿಸಿ ಪ್ರತಿಯೊಂದಕ್ಕೂ ಬೇರೆ ಗೊಂಡೆ ಹಾಕಿ.

ಬಟ್ಟೆ ಮಡಿಕೆಮಡಿಕೆಯಾಗಿ ಮೇಲೇರುವ ರೋಮನ್ ಬ್ಲೈಂಡ್‌ನ ಅಪಾಯ ಬೆನ್ನ ಹಿಂದೆ. ಬಟ್ಟೆಗೂ ಹಿಂದಿನ ಹಗ್ಗಕ್ಕೂ ನಡುವೆ ತಲೆ ತೂರುತ್ತದೆ. 2009ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ರೋಮನ್ ಮತ್ತು ಸುರುಳಿ ಬ್ಲೈಂಡ್ ಸೇರಿ ಸುಮಾರು 5 ಕೋಟಿಯನ್ನು ವಾಪಸು ಕರೆದ ಪ್ರಕರಣದಲ್ಲಿ ಈ ಅಪಾಯವೂ ಇತ್ತು. ಮಕ್ಕಳ ಕೋಣೆಯಲ್ಲಿ ಇದ್ದರೆ ಬಿಚ್ಚಿಬಿಡಿ.

ಬಾಲ್ಕನಿಯ ಬಿದಿರಿನ ಚಿಕ್ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದರ ನೈಲಾನ್ ಹಗ್ಗವನ್ನು ಗ್ರಿಲ್ಲಿಗೆ ಸುತ್ತಿ ಉಳಿದದ್ದನ್ನು ನೇತುಬಿಡುವುದೇ ರೂಢಿ. ಎರಡು ಕೊಂಬಿನ ಕೊಕ್ಕೆಯನ್ನು 1600 ಮಿ.ಮೀ.ಗಿಂತ ಮೇಲೆ ಗೋಡೆಗೆ ಬಿಗಿದು, ಚಿಕ್ ಎತ್ತಿದಾಗಲೂ ಇಳಿಸಿದಾಗಲೂ ಮಿಕ್ಕ ಹಗ್ಗವನ್ನೆಲ್ಲ ಎಂಟರ ಆಕಾರದಲ್ಲಿ ಅದಕ್ಕೇ ಸುತ್ತಿ.